ಹಿಡುವಳಿಯ ಮನೆಯಲ್ಲಿ ಪ್ರವಾಸಿಗರ ವಸತಿಯೂ ಸರ್ಕಾರದ ನೆರವೂ

ಪೀಠಿಕೆ

ಬೇಸಾಯಗಾರನು ತನ್ನ ಹಿಡುವಳಿಯ ಹುಟ್ಟುವಳಿಯೊಂದನ್ನೇ ನೆಚ್ಚಿಕೊಂಡಿದ್ದರೆ, ಬೆಲೆ ಕುಸಿದ ವರ್ಷದಲ್ಲಿಯೂ ಮಳೆ ಕೆಟ್ಟ ವರ್ಷದಲ್ಲಿಯೂ ಅವನ ಸಂಸಾರಕ್ಕೆ ಕಷ್ಟವೊದಗುವುದು ಎಲ್ಲರೂ ಬಲ್ಲ ಸಂಗತಿ. ಆದುದರಿಂದಲೇ ಹೈನು, ಜೇನು, ಕೋಳಿ, ರೇಷ್ಮೆ ಮೊದಲಾದ ಉಪಕಸುಬುಗಳನ್ನು ಬೇಸಾಯದೊಡನೆ ಕೈಗೊಳ್ಳುವ ಪದ್ಧತಿಯು ನಾಡಿನಲ್ಲಿ ಬೇರೂರಿರುವುದು. ಈಚಿನ ಸುಮಾರು ಇಪ್ಪತ್ತೈದು ವರ್ಷಗಳಲ್ಲಿ ಮಲೆನಾಡಿನ ಜಿಲ್ಲೆಗಳಲ್ಲಿ ಈ ಪಟ್ಟಿಗೆ ಮತ್ತೊಂದು ಉಪಕಸುಬು ಸೇರಿಕೊಂಡಿದೆ. ಜನರ ಬಾಯಲ್ಲಿ ಅದರ ಹೆಸರು ಹೋಮ್‌ಸ್ಟೇ. ಹಿಡುವಳಿದಾರನು ತನ್ನ ಸಂಸಾರದೊಡನೆ ವಾಸವಾಗಿರುವ ಮನೆಯಲ್ಲಿಯೇ ಒಂದೆರಡು ಕೊಠಡಿಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಟ್ಟು, ಮನೆಯ ಅಡಿಗೆಯನ್ನೇ ಬಡಿಸಿ, ತೋಟವನ್ನು ತೋರಿಸಿ, ಅದಕ್ಕೆ ತಕ್ಕ ಹಣವನ್ನು ಪಡೆಯುವುದೇ ಇದರ ಸ್ವರೂಪ.

ಈ ಕಸುಬನ್ನು ಆರಂಭಿಸುವುದು ಸುಲಭ. ಬಂದವರು ಬಾರದಂತಾದ ವರ್ಷದಲ್ಲಿ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಅಂತಹ ವರ್ಷಗಳಲ್ಲಿ ಸರ್ಕಾರದವರು ಕೊಡುವ ನೆರವು ಯಾವುದು, ಅದು ಯಾರಿಗೆ ತಲುಪುವುದು, ಯಾರಿಗೆ ತಲುಪದೆ ಹೋಗುವುದು, ಹಾಗೆ ತಲುಪದಿರಲು ಕಾರಣವೇನು ಎಂಬಿವುಗಳನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ಅರಿತಿರುವುದು ಅವಶ್ಯಕ. ಈ ಲೇಖನದಲ್ಲಿ ಕೊಡಗಿನ ಅನುಭವವನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಈ ವಿಷಯಗಳನ್ನು ವಿವರಿಸಲಾಗಿದೆ.

ಕೊಡಗಿನಲ್ಲಿ ಈ ಕಸುಬು ಬೆಳೆದ ಬಗೆ

ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು ೭೦ ಪಾಲು ಕರ್ನಾಟಕದ್ದು. ಅದರಲ್ಲಿ ಕೊಡಗಿನ ಪಾಲೇ ಹಿರಿದು. ತೋಟಗಳೆಂದೊಡನೆ ದೊಡ್ಡ ದೊಡ್ಡ ಎಸ್ಟೇಟುಗಳೇ ನೆನಪಿಗೆ ಬಂದರೂ, ದೇಶದ ಕಾಫಿ ಹಿಡುವಳಿಗಳ ಪೈಕಿ ಬಹುತೇಕ ಎಲ್ಲವೂ ೧೦ ಹೆಕ್ಟೇರಿಗಿಂತ ಕಡಿಮೆಯಾದುವೆಂಬುದನ್ನು ಮರೆಯಬಾರದು. ೧೯೮೯ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಪ್ರಮಾಣದ ಕಟ್ಟುಪಾಡು ಮುರಿದುಬಿದ್ದಿತು. ಅನಂತರ ವಿಯೆಟ್ನಾಂ ದೇಶದಲ್ಲಿ ರೊಬಸ್ಟಾ ಬೆಳೆಯು ಅತಿ ವೇಗದಿಂದ ಹೆಚ್ಚಿತು. ಇವುಗಳ ಫಲವಾಗಿ ೨೦೦೧ ಮತ್ತು ೨೦೦೨ರ ಸುಮಾರಿಗೆ ಜಗತ್ತಿನ ಕಾಫಿ ಬೆಲೆಗಳು ಹಲವು ದಶಕಗಳಲ್ಲಿ ಕಾಣದಷ್ಟು ಕೆಳಕ್ಕಿಳಿದುವು. ಕೊಯ್ಲಿನ ಕೂಲಿಯೂ ಹುಟ್ಟದ ಸ್ಥಿತಿಯಲ್ಲಿ ಸಣ್ಣ ಬೆಳೆಗಾರರು ಬೇರೆ ಆದಾಯವನ್ನು ಅರಸತೊಡಗಿದರು.

ಆ ಕಾಲಕ್ಕೆ ಬೆಂಗಳೂರಿನಂತಹ ನಗರಗಳಲ್ಲಿ ವಾರದ ಕೊನೆಗೆ ಹಸಿರು ಪ್ರದೇಶಗಳಿಗೆ ಹೋಗಿಬರುವ ಅಭ್ಯಾಸವು ಬೆಳೆಯುತ್ತಲಿತ್ತು. ಕೊಡಗಿನಲ್ಲಿ ದೊಡ್ಡ ಹೋಟೆಲುಗಳು ಕಡಿಮೆ. ಆದರೆ ಅಗಲವಾದ ಜಗಲಿಗಳುಳ್ಳ ಮನೆಗಳಿಗೂ, ಬಂದವರಿಗೆ ಅಕ್ಕಿರೊಟ್ಟಿ, ಕಡಂಬುಟ್ಟು, ನೂಲ್‌ಪುಟ್ಟುಗಳನ್ನು ಬಡಿಸಿ ಕಳುಹುವ ಗೃಹಿಣಿಯರಿಗೂ ಕೊರತೆಯಿರಲಿಲ್ಲ. ಮಕ್ಕಳು ಓದಿಗೆಂದೋ ಉದ್ಯೋಗಕ್ಕೆಂದೋ ಊರುಬಿಟ್ಟ ಮನೆಗಳಲ್ಲಿ ಕೊಠಡಿಗಳು ಬರಿದಾಗಿದ್ದುವು. ಹೀಗೆ ಬೆಲೆ ಕುಸಿತದ ಕಷ್ಟದಿಂದ ಹುಟ್ಟಿದ ಕಸುಬು ಕೆಲವೇ ವರ್ಷಗಳಲ್ಲಿ ಚಿಕ್ಕಮಗಳೂರು, ಹಾಸನ, ಶಿವಮೊಗ್ಗ, ಉತ್ತರ ಕನ್ನಡ ಜಿಲ್ಲೆಗಳಿಗೂ ಹರಡಿತು.

ಇಲ್ಲಿ ಒಂದು ತೊಡಕನ್ನು ಆರಂಭದಲ್ಲಿಯೇ ಹೇಳುವುದು ಯುಕ್ತ. ಪ್ರವಾಸಿಗರು ಹೆಚ್ಚಾಗಿ ಬರುವುದು ಡಿಸೆಂಬರ್ ತಿಂಗಳ ರಜೆಯಲ್ಲಿ. ಅರೇಬಿಕಾ ಕೊಯ್ಲು ಭರದಲ್ಲಿರುವುದೂ, ರೊಬಸ್ಟಾ ಕೊಯ್ಲಿಗೆ ಅಣಿಯಾಗಬೇಕಾದುದೂ ಅದೇ ಕಾಲದಲ್ಲಿಯೇ. ಕಣದಲ್ಲಿ ಹರಡಿದ ಹಣ್ಣನ್ನು ಕೆದಕುವವರಿಲ್ಲದೆ ಬೂಷ್ಟು ಹಿಡಿಯುತ್ತಿರಲು, ಮನೆಯವರೆಲ್ಲರೂ ಅತಿಥಿಗಳ ಕಾಫಿತಿಂಡಿಯಲ್ಲಿ ತೊಡಗಿದ್ದರೆ, ಬಂದ ಬಾಡಿಗೆಗಿಂತ ಕೆಟ್ಟ ಬೆಳೆಯ ನಷ್ಟವೇ ಮಿಗಿಲಾಗುವುದು. ಆದುದರಿಂದ ಎಷ್ಟು ಕೊಠಡಿಗಳೆಂಬುದನ್ನು ಮನೆಯಲ್ಲಿ ಖಾಲಿಯಿರುವ ಸ್ಥಳವನ್ನು ನೋಡಿ ನಿರ್ಧರಿಸಬಾರದು. ಕೊಯ್ಲಿನ ದಿನಗಳಲ್ಲಿ ಮನೆಯೊಳಗೆ ಉಳಿಯುವ ಕೈಗಳೆಷ್ಟು ಎಂಬುದನ್ನು ಎಣಿಸಿ ನಿರ್ಧರಿಸತಕ್ಕದ್ದು.

ವಿಪತ್ತಿನ ವರ್ಷಗಳು

೨೦೧೮ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಕೊಡಗಿನ ಮೇಲೆ ಅತಿವೃಷ್ಟಿಯುಂಟಾಗಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಗುಡ್ಡಗಳು ಕುಸಿದುವು. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಮುಂತಾದ ಕಡೆಗಳಲ್ಲಿ ಮನೆಗಳೂ ತೋಟಗಳೂ ಮಣ್ಣುಪಾಲಾದುವು. ರಸ್ತೆಗಳು ಕಡಿದುಹೋದುವು. ಜಿಲ್ಲೆಗೆ ಪ್ರವಾಸಿಗರು ಬರುವುದನ್ನು ಕೆಲವು ಕಾಲ ತಡೆಹಿಡಿಯಬೇಕಾಯಿತು. ತಡೆಯನ್ನು ತೆಗೆದ ಮೇಲೂ ದೂರದ ಊರಿನವರಿಗೆ ಭಯವು ಬೇಗನೆ ಹೋಗಲಿಲ್ಲ. ಒಂದು ಗುಡ್ಡವೂ ಕುಸಿಯದ ಹೋಬಳಿಗಳಲ್ಲಿಯೂ ಕೊಠಡಿಗಳು ಬರಿದಾಗಿಯೇ ಉಳಿದುವು. ೨೦೧೯ ಮತ್ತು ೨೦೨೦ರ ಆಗಸ್ಟ್ ತಿಂಗಳುಗಳಲ್ಲಿಯೂ ಜಿಲ್ಲೆಯಲ್ಲಿ ಭೂಕುಸಿತಗಳಾದುವು.

ಇದರ ನಡುವೆ ೨೦೨೦ನೆಯ ಇಸವಿ ಮಾರ್ಚ್ ೨೫ರಿಂದ ಕೋವಿಡ್ ರೋಗದ ನಿಮಿತ್ತ ದೇಶದಲ್ಲೆಲ್ಲಾ ಸಂಚಾರ ನಿಂತಿತು. ೨೦೨೧ರ ಬೇಸಿಗೆಯಲ್ಲಿ ಎರಡನೆಯ ಅಲೆ ಬಂದಿತು. ಬೇಸಿಗೆಯ ರಜೆಯ ಎರಡು ಋತುಗಳು ಒಂದರ ಹಿಂದೊಂದು ಹಾಳಾದುವು.

ಈ ಎರಡು ವಿಪತ್ತುಗಳಿಗೆ ಒಂದು ವ್ಯತ್ಯಾಸವುಂಟು. ೨೦೨೦ರಲ್ಲಿ ಪ್ರವಾಸಿಗರು ಬಾರದಿದ್ದರೂ ಬೇಸಾಯದ ಕೆಲಸಗಳಿಗೆ ಸರ್ಕಾರದವರು ವಿನಾಯಿತಿ ಕೊಟ್ಟಿದ್ದುದರಿಂದ ತೋಟದ ಕೆಲಸ ಪೂರ್ಣವಾಗಿ ನಿಲ್ಲಲಿಲ್ಲ. ತೋಟವನ್ನು ಕೈಬಿಡದವನಿಗೆ ತೋಟವೇ ಆಸರೆಯಾಯಿತು. ೨೦೧೮ರಲ್ಲಾದರೋ ಅದೇ ಮಳೆಯು ಕಾಫಿ ಕಾಯಿಯನ್ನೂ ಉದುರಿಸಿತು, ಅತಿಥಿಗಳನ್ನೂ ತಡೆಯಿತು. ಎರಡು ಆದಾಯಗಳೂ ಒಟ್ಟಿಗೆ ಬೀಳುವ ವರ್ಷವೂ ಬರಬಹುದೆಂಬುದು ಇದರಿಂದ ತಿಳಿಯತಕ್ಕ ಪಾಠ. ಅಂತಹ ವರ್ಷದಲ್ಲಿ ಹೊರಗಿನ ನೆರವು ಬೇಕೇಬೇಕು.

ಆಗ ಸರ್ಕಾರದವರು ಮಾಡಿದ ಏರ್ಪಾಡುಗಳು

ಕೋವಿಡ್ ಕಾಲದಲ್ಲಿ ಕೇಂದ್ರ ಸರ್ಕಾರದವರೂ ರಾಜ್ಯ ಸರ್ಕಾರದವರೂ ಮಾಡಿದ ಏರ್ಪಾಡುಗಳಲ್ಲಿ ಮುಖ್ಯವಾದುವು ಇವು:

(೧) ತುರ್ತು ಸಾಲದ ಖಾತರಿ. ೨೦೨೦ನೆಯ ಇಸವಿ ಮೇ ತಿಂಗಳಲ್ಲಿ ಸಣ್ಣ ಉದ್ಯಮಗಳಿಗಾಗಿ ಈ ಯೋಜನೆಯು ಹೊರಟಿತು. ಉದ್ಯಮಿಯು ಬ್ಯಾಂಕಿಗೆ ಕೊಡಬೇಕಾಗಿದ್ದ ಬಾಕಿಯ ನೂರಕ್ಕೆ ೨೦ ಪಾಲಿನವರೆಗೆ ಹೊಸ ಸಾಲವನ್ನು ಹೆಚ್ಚಿನ ಅಡಮಾನವಿಲ್ಲದೆ ಕೊಡಲು ಅವಕಾಶವಾಯಿತು. ಸಾಲಕ್ಕೆ ಸರ್ಕಾರವೇ ಜಾಮೀನು ನಿಂತಿತು. ೨೦೨೧ರ ಮಾರ್ಚ್ ತಿಂಗಳಲ್ಲಿ ಪ್ರವಾಸ ಮತ್ತು ವಸತಿ ಉದ್ಯಮಗಳಿಗೆ ಈ ಪ್ರಮಾಣವನ್ನು ನೂರಕ್ಕೆ ೪೦ಕ್ಕೆ ಏರಿಸಿ, ತೀರಿಸುವ ಅವಧಿಯನ್ನು ೬ ವರ್ಷಗಳೆಂದೂ, ಮೊದಲ ೨ ವರ್ಷಗಳಲ್ಲಿ ಅಸಲಿನ ಕಂತು ಕಟ್ಟಬೇಕಾಗಿಲ್ಲವೆಂದೂ ಗೊತ್ತುಮಾಡಿದರು. ಈ ಯೋಜನೆಯು ೨೦೨೩ರ ಮಾರ್ಚ್ ೩೧ಕ್ಕೆ ಮುಗಿಯಿತು.

(೨) ಮಾರ್ಗದರ್ಶಿಗಳಿಗೂ ಪ್ರವಾಸದ ಏಜೆನ್ಸಿಗಳಿಗೂ ಸಾಲ. ೨೦೨೧ನೆಯ ಇಸವಿ ಜೂನ್ ೨೮ರಂದು ಕೇಂದ್ರ ಸರ್ಕಾರದವರು ಪ್ರಕಟಿಸಿದ ಯೋಜನೆಯ ಮೇರೆಗೆ, ಮನ್ನಣೆ ಪಡೆದ ಪ್ರವಾಸಿ ಮಾರ್ಗದರ್ಶಿಗಳಿಗೆ ೧ ಲಕ್ಷ ರೂಪಾಯಿಯವರೆಗೂ, ಪ್ರವಾಸದ ಏರ್ಪಾಡು ಮಾಡುವ ಮನ್ನಣೆ ಪಡೆದ ಸಂಸ್ಥೆಗಳಿಗೆ ೧೦ ಲಕ್ಷ ರೂಪಾಯಿಯವರೆಗೂ ಸರ್ಕಾರದ ಪೂರ್ಣ ಖಾತರಿಯಿಂದ ಸಾಲ ದೊರೆಯುವಂತಾಯಿತು.

(೩) ಬಾಕಿಗಳ ರಿಯಾಯಿತಿ. ಅದೇ ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರದವರು ಹೋಟೆಲು, ರೆಸಾರ್ಟು, ಉಪಾಹಾರಗೃಹಗಳಿಗೆ ೨೦೨೧-೨೨ನೆಯ ಸಾಲಿನ ಆಸ್ತಿ ತೆರಿಗೆಯಲ್ಲಿ ಅರ್ಧವನ್ನು ಬಿಟ್ಟುಕೊಟ್ಟರು. ಏಪ್ರಿಲ್, ಮೇ, ಜೂನ್ ತಿಂಗಳುಗಳ ವಿದ್ಯುತ್ತಿನ ನಿಗದಿತ ಶುಲ್ಕವನ್ನೂ ಮನ್ನಾ ಮಾಡಿದರು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಂಡಿದ್ದ ಮಾರ್ಗದರ್ಶಿಗಳಿಗೆ ತಲಾ ೫,೦೦೦ ರೂಪಾಯಿಗಳ ಸಹಾಯಧನವು ಒಂದು ಬಾರಿಗೆ ಗೊತ್ತಾಯಿತು.

ನೆರವು ಯಾರಿಗೆ ತಲುಪುವುದು

ಮೇಲಿನ ಮೂರನ್ನೂ ಗಮನವಿಟ್ಟು ಓದಿದವರಿಗೆ ಒಂದು ಸಂಗತಿಯು ಹೊಳೆಯದಿರದು. ಮೊದಲನೆಯದು ಬ್ಯಾಂಕಿನಲ್ಲಿ ಆಗಲೇ ಉದ್ಯಮದ ಸಾಲದ ಖಾತೆಯಿದ್ದವರಿಗೆ. ಬಾಕಿಯ ಇಷ್ಟು ಪಾಲು ಎಂದು ಲೆಕ್ಕ ಹಾಕಬೇಕಾದರೆ ಬಾಕಿಯೆಂಬುದೊಂದು ಪುಸ್ತಕದಲ್ಲಿ ಇರಬೇಕಲ್ಲವೆ? ಕೈಗಡ ತಂದೋ ಹೆಂಡತಿಯ ಒಡವೆಯನ್ನು ಗಿರವಿಯಿಟ್ಟೋ ಎರಡು ಕೊಠಡಿಗಳನ್ನು ಕಟ್ಟಿಸಿದವನಿಗೆ ಆ ಯೋಜನೆಯಿಂದ ಒಂದು ಕಾಸೂ ಹುಟ್ಟಲಿಲ್ಲ. ಎರಡನೆಯದು ಮನ್ನಣೆ ಪಡೆದವರಿಗೆ. ಇಪ್ಪತ್ತು ವರ್ಷಗಳಿಂದ ಬೆಟ್ಟದ ದಾರಿ ತೋರಿಸುತ್ತಿದ್ದರೂ ಚೀಟಿಯಿಲ್ಲದವನು ಮಾರ್ಗದರ್ಶಿಯೆಂದು ಎಣಿಕೆಗೆ ಬರಲಿಲ್ಲ. ಮೂರನೆಯದು ತೆರಿಗೆಯನ್ನೂ ವಿದ್ಯುತ್ತನ್ನೂ ಉದ್ಯಮದ ಹೆಸರಿನಲ್ಲಿ ಕಟ್ಟುತ್ತಿದ್ದವರಿಗೆ. ಉದ್ಯಮವೆಂದು ಯಾವ ದಫ್ತರದಲ್ಲಿಯೂ ಇಲ್ಲದ ಮನೆಗೆ ಉದ್ಯಮದ ರಿಯಾಯಿತಿಯನ್ನು ಕೊಡಲು ಯಾವ ಅಧಿಕಾರಿಗೂ ಮಾರ್ಗವಿಲ್ಲ.

ಮಲೆನಾಡಿನಲ್ಲಿ ನೋಂದಣಿಯಿಲ್ಲದೆ ನಡೆಯುತ್ತಿದ್ದ ಹೋಮ್‌ಸ್ಟೇಗಳು ಅನೇಕವಿದ್ದುವು. ನೋಂದಣಿ ಮಾಡಿಸಿದರೆ ತೆರಿಗೆಯವರು ಬರುವರು, ತನಿಖೆಯವರು ಬರುವರು ಎಂಬ ಅಂಜಿಕೆಯೇ ಇದಕ್ಕೆ ಮುಖ್ಯ ಕಾರಣ. ಈ ಅಂಜಿಕೆಯು ಪೂರ್ತಿ ಆಧಾರವಿಲ್ಲದ್ದೆಂದು ಹೇಳಲಾಗದು. ಕಾಗದಪತ್ರಗಳಿಗಾಗಿ ಅಲೆದಾಟವೂ ಉಂಟು. ಆದರೆ ಒಳ್ಳೆಯ ವರ್ಷದಲ್ಲಿ ಪಟ್ಟಿಯಿಂದ ತಪ್ಪಿಸಿಕೊಂಡು ಉಳಿಸಿದ ಹಣವೆಷ್ಟು, ಕೆಟ್ಟ ವರ್ಷದಲ್ಲಿ ಪಟ್ಟಿಯಲ್ಲಿಲ್ಲದ ಕಾರಣ ಕಳೆದುಕೊಂಡ ಹಣವೆಷ್ಟು ಎಂಬುದನ್ನು ತೂಗಿನೋಡಬೇಕು. ನೆರವೆಂಬುದು ಕಾಲುವೆಯ ನೀರಿನಂತೆ. ತೂಬು ಇರುವ ಗದ್ದೆಗೆ ಹರಿಯುವುದು, ಇಲ್ಲದ ಗದ್ದೆಯನ್ನು ದಾಟಿ ಮುಂದೆ ಹೋಗುವುದು. ವಿಪತ್ತು ಬಂದ ಮೇಲೆ ನೋಂದಣಿಗಾಗಿ ಓಡಾಡುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಈಗ ದೊರೆಯುವ ಅನುಕೂಲ್ಯಗಳು

(೧) ಮುದ್ರಾ ಸಾಲ. ೨೦೧೫ನೆಯ ಇಸವಿ ಏಪ್ರಿಲ್ ೮ರಂದು ಆರಂಭವಾದ ಈ ಯೋಜನೆಯಲ್ಲಿ ಅಡಮಾನವಿಲ್ಲದೆ ಬ್ಯಾಂಕುಗಳಿಂದ ಸಾಲ ದೊರೆಯುವುದು. ೫೦,೦೦೦ ರೂಪಾಯಿಯವರೆಗಿನದು ಶಿಶು, ಅಲ್ಲಿಂದ ೫ ಲಕ್ಷದವರೆಗೆ ಕಿಶೋರ, ೧೦ ಲಕ್ಷದವರೆಗೆ ತರುಣ ಎಂಬುದಾಗಿ ತರಗತಿಗಳಿವೆ. ತರುಣ ಸಾಲವನ್ನು ಪಡೆದು ಸರಿಯಾಗಿ ತೀರಿಸಿದವರಿಗೆ ೨೦ ಲಕ್ಷದವರೆಗೆ ಕೊಡಲು ೨೦೨೪ರ ಅಕ್ಟೋಬರ್ ತಿಂಗಳಿಂದ ಅವಕಾಶವಾಗಿದೆ. ೨೦೨೫ನೆಯ ಇಸವಿ ಫೆಬ್ರವರಿ ೧ರ ಕೇಂದ್ರ ಆಯವ್ಯಯದಲ್ಲಿ ಹೋಮ್‌ಸ್ಟೇಗಳಿಗೂ ಮುದ್ರಾ ಸಾಲವನ್ನು ಕೊಡುವುದಾಗಿ ಸ್ಪಷ್ಟವಾಗಿ ಸಾರಲಾಯಿತು.

(೨) ಬುಡಕಟ್ಟಿನ ಸಂಸಾರಗಳಿಗೆ ಸಹಾಯಧನ. ೨೦೨೪ನೆಯ ಇಸವಿ ಅಕ್ಟೋಬರ್ ೨ರಂದು ಆರಂಭವಾದ ಧರ್ತೀ ಆಬಾ ಜನಜಾತೀಯ ಗ್ರಾಮ ಉತ್ಕರ್ಷ ಅಭಿಯಾನದಲ್ಲಿ, ದೇಶದ ಬುಡಕಟ್ಟು ಪ್ರದೇಶಗಳಲ್ಲಿ ೧,೦೦೦ ಹೋಮ್‌ಸ್ಟೇಗಳನ್ನು ಏರ್ಪಡಿಸುವ ಉದ್ದೇಶವಿದೆ. ಹೊಸದಾಗಿ ಎರಡು ಕೊಠಡಿಗಳನ್ನು ಕಟ್ಟಲು ಸಂಸಾರವೊಂದಕ್ಕೆ ೫ ಲಕ್ಷ ರೂಪಾಯಿಯವರೆಗೂ, ಇರುವ ಕೊಠಡಿಗಳನ್ನು ದುರಸ್ತಿ ಮಾಡಲು ೩ ಲಕ್ಷದವರೆಗೂ, ಗ್ರಾಮದ ಸಾಮೂಹಿಕ ಅಗತ್ಯಗಳಿಗೆ ೫ ಲಕ್ಷವೂ ದೊರೆಯುವ ಏರ್ಪಾಡಿದೆ. ಜೇನುಕುರುಬರು, ಯರವರು, ಸೋಲಿಗರು ವಾಸವಾಗಿರುವ ಪ್ರದೇಶಗಳ ಗ್ರಾಮ ಮುಖಂಡರು ತಮ್ಮ ಗ್ರಾಮಕ್ಕೆ ಇದು ಅನ್ವಯಿಸುವುದೇ ಎಂಬುದನ್ನು ವಿಚಾರಿಸಿ ಆ ಸಂಸಾರಗಳಿಗೆ ತಿಳಿಯಹೇಳತಕ್ಕದ್ದು. ಈ ಹಣವು ಆ ಸಂಸಾರಗಳ ಹೆಸರಿನಲ್ಲಿಯೇ ಅವರ ಮನೆಗಳಿಗೇ ಸಲ್ಲಬೇಕು. ಮತ್ತೊಬ್ಬರ ಕಟ್ಟಡಕ್ಕೆ ಅವರ ಹೆಸರನ್ನು ಬಳಸುವುದು ಅನ್ಯಾಯ.

(೩) ಉದ್ಯಮ್ ನೋಂದಣಿ. ೨೦೨೦ನೆಯ ಇಸವಿ ಜುಲೈ ೧ರಿಂದ ಸಣ್ಣ ಉದ್ಯಮಗಳಿಗೆ ಈ ನೋಂದಣಿಯು ಜಾರಿಯಲ್ಲಿದೆ. ಇದಕ್ಕೆ ಶುಲ್ಕವಿಲ್ಲ. ಆಧಾರ್ ಸಂಖ್ಯೆಯ ಮೇಲೆ ಕಂಪ್ಯೂಟರ್ ಮೂಲಕವೇ ಆಗುವುದು. ಹಣ ಕೇಳುವ ಮಧ್ಯಸ್ಥರನ್ನು ನಂಬಬೇಕಾಗಿಲ್ಲ. ಸಣ್ಣ ಉದ್ಯಮಗಳಿಗಾಗಿ ಸರ್ಕಾರದವರು ಮಾಡುವ ಅನೇಕ ಏರ್ಪಾಡುಗಳಿಗೆ ಈ ಚೀಟಿಯೇ ಬಾಗಿಲು.

(೪) ವಸತಿಯ ದರ್ಜೆ. ಕೇಂದ್ರ ಪ್ರವಾಸೋದ್ಯಮ ಮಂತ್ರಾಲಯದವರು ೧ರಿಂದ ೬ ಕೊಠಡಿಗಳವರೆಗಿನ ಮನೆವಸತಿಗಳನ್ನು ಪರೀಕ್ಷಿಸಿ ಚಿನ್ನ, ಬೆಳ್ಳಿ ಎಂಬ ಎರಡು ದರ್ಜೆಗಳನ್ನು ಕೊಡುವ ಕ್ರಮವಿದೆ. ಮಾಲೀಕನು ಸಂಸಾರದೊಡನೆ ಅದೇ ಮನೆಯಲ್ಲಿ ವಾಸವಾಗಿರಬೇಕೆಂಬುದು ಮುಖ್ಯ ಷರತ್ತು. ರಾಜ್ಯದ ಪ್ರವಾಸೋದ್ಯಮ ಇಲಾಖೆಯ ನೋಂದಣಿಗೆ ಜಿಲ್ಲಾ ಕೇಂದ್ರದಲ್ಲಿರುವ ಆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು.

ಸಾಲದ ಪ್ರಮಾಣ

ಸಾಲ ಸುಲಭವಾಗಿ ದೊರೆಯುವುದೆಂಬ ಮಾತ್ರಕ್ಕೆ ದೊರೆಯುವಷ್ಟನ್ನೂ ತೆಗೆದುಕೊಳ್ಳಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಇಲ್ಲಿ ಹೇಗೆ ಅನ್ವಯಿಸುವುದೆಂಬುದು ಒಂದು ಲೆಕ್ಕದಿಂದ ಸ್ಪಷ್ಟವಾಗುವುದು. ಕೆಳಗಿನ ಅಂಕಿಗಳು ತಿಳಿವಳಿಕೆಗಾಗಿ ಕಲ್ಪಿಸಿದುವು. ಪ್ರತಿಯೊಬ್ಬನೂ ತನ್ನ ಊರಿನ ದರಗಳನ್ನು ಹಾಕಿ ಲೆಕ್ಕ ಮಾಡಿಕೊಳ್ಳತಕ್ಕದ್ದು.

ಒಂದೇ ಗ್ರಾಮದಲ್ಲಿ ಇಬ್ಬರು ಹಿಡುವಳಿದಾರರಿರುವರೆಂದು ಭಾವಿಸಬಹುದು. ಇಬ್ಬರಿಗೂ ಎರಡೆರಡು ಕೊಠಡಿಗಳು. ಮೊದಲನೆಯವನು ಹೊಸ ಕಟ್ಟಡವನ್ನೇ ಕಟ್ಟಿಸಿ ೪ ಲಕ್ಷ ರೂಪಾಯಿ ಸಾಲ ಮಾಡಿದನು. ಎರಡನೆಯವನು ಹಳೆಯ ಮನೆಯ ಎರಡು ಕೊಠಡಿಗಳಿಗೆ ಸ್ನಾನದ ಮನೆಯನ್ನು ಸೇರಿಸಿ, ಹೆಂಚನ್ನು ಹೊಸದಾಗಿ ಹೊದಿಸಿ, ೨ ಲಕ್ಷದಲ್ಲಿ ಮುಗಿಸಿದನು. ಬಡ್ಡಿ ವರ್ಷಕ್ಕೆ ನೂರಕ್ಕೆ ೧೧, ಅವಧಿ ೫ ವರ್ಷ. ಹೀಗಾದರೆ ಮೊದಲನೆಯವನ ತಿಂಗಳ ಕಂತು ಸುಮಾರು ೮,೭೦೦ ರೂಪಾಯಿ, ಅಂದರೆ ವರ್ಷಕ್ಕೆ ೧,೦೪,೪೦೦. ಎರಡನೆಯವನದು ತಿಂಗಳಿಗೆ ೪,೩೫೦, ವರ್ಷಕ್ಕೆ ೫೨,೨೦೦.

ಕೊಠಡಿಯೊಂದಕ್ಕೆ ರಾತ್ರಿಗೆ ೧,೫೦೦ ರೂಪಾಯಿಯಂತೆ, ವರ್ಷದಲ್ಲಿ ಪ್ರತಿಯೊಂದು ಕೊಠಡಿಯೂ ೧೦೦ ರಾತ್ರಿ ತುಂಬಿದರೆ ಇಬ್ಬರಿಗೂ ಬರುವುದು ೩ ಲಕ್ಷ. ಊಟ, ಬಟ್ಟೆ ಒಗೆತ, ವಿದ್ಯುತ್ತು, ಕಂಪ್ಯೂಟರ್ ಮೂಲಕ ಕೊಠಡಿ ಕಾದಿರಿಸುವ ಕಂಪೆನಿಗಳ ಕಮಿಷನ್ನು, ಇವೆಲ್ಲವೂ ಸೇರಿ ಅರ್ಧ ಖರ್ಚಾದರೆ ಉಳಿಯುವುದು ೧,೫೦,೦೦೦. ಕಂತು ಕಟ್ಟಿದ ಮೇಲೆ ಮೊದಲನೆಯವನಿಗೆ ೪೫,೬೦೦ ರೂಪಾಯಿಯೂ ಎರಡನೆಯವನಿಗೆ ೯೭,೮೦೦ ರೂಪಾಯಿಯೂ ಮಿಗುವುದು.

ಇನ್ನು ಕೆಟ್ಟ ವರ್ಷದಲ್ಲಿ ಕೊಠಡಿಗಳು ೫೦ ರಾತ್ರಿ ಮಾತ್ರ ತುಂಬಿದುವೆಂದು ಇಟ್ಟುಕೊಂಡರೆ, ಖರ್ಚನ್ನು ಕಳೆದು ಉಳಿಯುವುದು ೭೫,೦೦೦. ಮೊದಲನೆಯವನು ಕೈಯಿಂದ ೨೯,೪೦೦ ರೂಪಾಯಿಗಳನ್ನು ಹಾಕಿ ಕಂತು ಕಟ್ಟಬೇಕು. ಎರಡನೆಯವನು ಕಂತು ಕಟ್ಟಿಯೂ ೨೨,೮೦೦ ರೂಪಾಯಿಗಳನ್ನು ಉಳಿಸಿಕೊಳ್ಳುವನು. ಒಳ್ಳೆಯ ವರ್ಷದಲ್ಲಿ ಇಬ್ಬರ ಮನೆಯ ಮುಂದೆಯೂ ಕಾರುಗಳು ನಿಂತಿರುವುದನ್ನು ನೋಡಿ ಇಬ್ಬರೂ ಸಮಾನರೆಂದು ಊರವರು ತಿಳಿಯುವರು. ಅವರ ವ್ಯತ್ಯಾಸವು ಗೊತ್ತಾಗುವುದು ಕಾರುಗಳು ಬಾರದ ವರ್ಷದಲ್ಲಿ.

ಆದುದರಿಂದ ಸಾಲ ಮಾಡುವವನು ಒಳ್ಳೆಯ ವರ್ಷದ ಲೆಕ್ಕದ ಮೇಲೆ ಸಾಲ ಮಾಡಕೂಡದು. ಅರ್ಧ ಅತಿಥಿಗಳು ಮಾತ್ರ ಬಂದರೂ ಕಂತು ಕಟ್ಟಬಹುದಾದಷ್ಟನ್ನೇ ತೆಗೆದುಕೊಳ್ಳಬೇಕು. ಒಬ್ಬ ಅತಿಥಿಯೂ ಬಾರದ ಋತುವಿಗಾಗಿ, ಒಳ್ಳೆಯ ವರ್ಷದ ಉಳಿತಾಯದಿಂದ ಆರು ತಿಂಗಳ ಕಂತಿನಷ್ಟು ಹಣವನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಡಬೇಕು. ಬಿತ್ತನೆಯ ಬೀಜವನ್ನು ಉಣ್ಣದೆ ಕಾದಿಡುವ ಬೇಸಾಯಗಾರನಿಗೆ ಈ ಮಾತನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಬೇಸಾಯವೇ ಮುಖ್ಯವೆಂಬ ನಿಯಮ

ಈ ಕಸುಬಿನಲ್ಲಿ ಬಹುಕಾಲದ ಅನುಭವವುಳ್ಳ ಇಟಲಿ ದೇಶದ ಕಾನೂನನ್ನು ಇಲ್ಲಿ ಸ್ಮರಿಸುವುದು ಉಪಯುಕ್ತ. ಆ ದೇಶದಲ್ಲಿ ಬೇಸಾಯದ ಮನೆಗಳಲ್ಲಿ ಪ್ರವಾಸಿಗರನ್ನು ಇರಿಸಿಕೊಳ್ಳುವುದಕ್ಕೆ ಅಗ್ರಿತುರಿಸ್ಮೊ ಎಂಬ ಹೆಸರಿದೆ. ೧೯೮೫ನೆಯ ಇಸವಿಯಲ್ಲಿ ಇದಕ್ಕಾಗಿಯೇ ಒಂದು ಕಾನೂನು ಆಯಿತು. ೨೦೦೬ರಲ್ಲಿ ಅದರ ಬದಲು ಹೊಸ ಕಾನೂನು ಬಂದಿತು. ಎರಡರ ತಿರುಳೂ ಒಂದೇ: ಬೇಸಾಯವು ಮುಖ್ಯ ಕಸುಬಾಗಿರಬೇಕು, ಅತಿಥಿಗಳ ಕೆಲಸವು ಅದಕ್ಕೆ ಪೂರಕವಾಗಿರಬೇಕು. ಯಾವುದು ಮುಖ್ಯವೆಂಬುದನ್ನು ಎರಡಕ್ಕೂ ಹಿಡಿಯುವ ದುಡಿಮೆಯ ಕಾಲದಿಂದ ನಿರ್ಧರಿಸುವರು. ಅತಿಥಿಗಳು ೧೦ ಮಂದಿಗೆ ಮೀರದಿದ್ದರೆ ಬೇಸಾಯವೇ ಮುಖ್ಯವೆಂದು ಕಾನೂನು ತಾನಾಗಿಯೇ ಒಪ್ಪುವುದು. ಬಡಿಸುವ ಊಟದಲ್ಲಿ ಸ್ವಂತ ಹೊಲದ ಮತ್ತು ಆ ಪ್ರಾಂತದ ಹುಟ್ಟುವಳಿಯೇ ಹೆಚ್ಚಾಗಿರಬೇಕು. ಇದಕ್ಕೆ ಪ್ರತಿಯಾಗಿ ತೆರಿಗೆಯಲ್ಲಿ ಸೌಲಭ್ಯವುಂಟು. ವ್ಯಕ್ತಿಗತವಾಗಿ ಈ ಕಸುಬನ್ನು ನಡೆಸುವವನಿಗೆ ಒಟ್ಟು ವರಮಾನದ ನೂರಕ್ಕೆ ೨೫ ಪಾಲನ್ನು ಮಾತ್ರ ಆದಾಯವೆಂದು ಎಣಿಸಲು ೧೯೯೧ರ ಕಾನೂನಿನಿಂದ ಅವಕಾಶವಾಗಿದೆ. ಈಗ ಆ ದೇಶದಲ್ಲಿ ಇಂತಹ ಮನೆಗಳು ೨೫,೦೦೦ಕ್ಕೆ ಮೇಲ್ಪಟ್ಟಿವೆ. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿಯೂ ೨೦೨೦ನೆಯ ಇಸವಿಯಲ್ಲಿ ಬೇಸಾಯಗಾರರಿಗಾಗಿ ಕೃಷಿ ಪ್ರವಾಸೋದ್ಯಮ ನೀತಿಯೊಂದನ್ನು ಜಾರಿಗೆ ತರಲಾಯಿತು.

ಇಟಲಿಯ ನಿಯಮವು ಕರ್ನಾಟಕದ ಹಿಡುವಳಿದಾರನ ಮೇಲೆ ಬಂಧನವಲ್ಲ. ಆದರೂ ಅದನ್ನು ಸ್ವಂತ ಇಚ್ಛೆಯಿಂದ ಅನುಸರಿಸುವುದು ಲಾಭಕರ. ಪ್ರವಾಸಿಗನು ನಗರದಿಂದ ಬರುವುದು ತೋಟವನ್ನು ನೋಡುವುದಕ್ಕೆ. ತೋಟವು ಹಾಳುಬಿದ್ದರೆ ಅವನು ಬರುವುದಕ್ಕೂ ಕಾರಣ ಉಳಿಯದು. ಮರಗಳನ್ನು ಕಡಿದು, ಇಳಿಜಾರನ್ನು ಯಂತ್ರದಿಂದ ಕೊಚ್ಚಿ ಕೊಠಡಿಗಳನ್ನು ಕಟ್ಟಿದಲ್ಲಿ ಮಣ್ಣಿನ ಹಿಡಿತವು ಸಡಿಲವಾಗುವುದು. ೨೦೧೮ರ ಅನುಭವದ ಮೇಲೆ ಈ ಎಚ್ಚರಿಕೆಯನ್ನು ಲಘುವಾಗಿ ತೆಗೆದುಕೊಳ್ಳಬಾರದು. ಇರುವ ಮನೆಯನ್ನು ಸರಿಪಡಿಸಿಕೊಳ್ಳುವುದೇ ಉತ್ತಮ ಮಾರ್ಗ.

ಕಾನೂನಿನ ಎರಡು ವಿಷಯಗಳನ್ನು ಭೂಮಾಲೀಕರು ವಿಶೇಷವಾಗಿ ಗಮನಿಸತಕ್ಕದ್ದು. ಮೊದಲನೆಯದಾಗಿ, ಕೃಷಿ ಭೂಮಿಯಲ್ಲಿ ಪ್ರವಾಸಿಗರಿಗೆಂದೇ ಹೊಸ ಕಟ್ಟಡವನ್ನು ಕಟ್ಟುವುದಾದರೆ ೧೯೬೪ರ ಕರ್ನಾಟಕ ಭೂಕಂದಾಯ ಅಧಿನಿಯಮದ ಮೇರೆಗೆ ಭೂಪರಿವರ್ತನೆಯ ಅಪ್ಪಣೆಯನ್ನು ಮೊದಲೇ ಪಡೆಯಬೇಕು. ಎರಡನೆಯದಾಗಿ, ಕೃಷಿಯ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಂದ ಇರುವ ವಿನಾಯಿತಿಯು ಕೊಠಡಿಯ ಬಾಡಿಗೆಗೂ ಊಟದ ಹಣಕ್ಕೂ ಸಲ್ಲುವುದಿಲ್ಲ. ಎರಡರ ಜಮಾಖರ್ಚನ್ನೂ ಒಂದೇ ಪುಸ್ತಕದಲ್ಲಿ ಬೆರೆಸಿ ಬರೆದವನಿಗೆ ಮುಂದೆ ತೋಟದ ಆದಾಯವನ್ನು ಬೇರೆಯಾಗಿ ತೋರಿಸುವುದು ಕಷ್ಟವಾದೀತು. ತೋಟಕ್ಕೊಂದು, ಅತಿಥಿಗಳಿಗೊಂದು ಪುಸ್ತಕವಿರಲಿ. ಅತಿಥಿಗಳ ಹಣವು ಬೇರೆ ಬ್ಯಾಂಕ್ ಖಾತೆಗೆ ಸಲ್ಲಲಿ. ವರ್ಷಕ್ಕೆ ೨೦ ಲಕ್ಷ ರೂಪಾಯಿಗೆ ಒಳಪಟ್ಟ ವಹಿವಾಟಿನ ಸೇವಾ ಉದ್ಯಮವು ಸಾಧಾರಣವಾಗಿ ಜಿ.ಎಸ್.ಟಿ. ನೋಂದಣಿಯನ್ನು ಪಡೆಯಬೇಕಾಗಿಲ್ಲವಾದುದರಿಂದ, ಎರಡು ಮೂರು ಕೊಠಡಿಗಳ ಮನೆಯವರು ಆ ವಿಷಯದಲ್ಲಿ ಬಹಳ ಹೆದರಬೇಕಾದುದಿಲ್ಲ.

ಗ್ರಾಮದ ಮುಖಂಡರು ಮಾಡತಕ್ಕ ಕೆಲಸ

ಒಬ್ಬೊಬ್ಬ ಸಣ್ಣ ಹಿಡುವಳಿದಾರನು ತಾಲ್ಲೂಕು ಕಚೇರಿಗೂ ಬ್ಯಾಂಕಿಗೂ ಜಿಲ್ಲಾ ಕೇಂದ್ರಕ್ಕೂ ಒಂಟಿಯಾಗಿ ಅಲೆದರೆ ಅವನ ಕೆಲಸದ ದಿನಗಳು ಹಾಳಾಗುವುವು. ಗ್ರಾಮದ ಮುಖಂಡರು ಮುಂದಾಳಾಗಿ ನಿಂತರೆ ಹತ್ತು ಮಂದಿಯ ಕೆಲಸವು ಒಂದೇ ಸಲಕ್ಕೆ ಆಗುವುದು. ಮಾಡತಕ್ಕ ಕೆಲಸಗಳು ಇವು:

೧. ಗ್ರಾಮದಲ್ಲಿ ಪ್ರವಾಸಿಗರಿಗೆ ಕೊಠಡಿ ಕೊಡುವವರು, ದಾರಿ ತೋರಿಸುವವರು, ಜೀಪು ಓಡಿಸುವವರು, ಜೇನು, ಕರಿಮೆಣಸು, ಕಾಫಿಪುಡಿಗಳನ್ನು ಮಾರುವವರು, ಇವರೆಲ್ಲರ ಪಟ್ಟಿಯೊಂದನ್ನು ತಯಾರಿಸಿ, ಯಾರಿಗೆ ಯಾವ ನೋಂದಣಿ ಇದೆ, ಯಾವುದು ಇಲ್ಲ ಎಂಬುದನ್ನು ಎದುರಿಗೆ ಬರೆಯುವುದು.

೨. ಊರಿನ ಓದಿದ ಹುಡುಗ ಹುಡುಗಿಯರ ಸಹಾಯದಿಂದ ಒಂದೇ ದಿನದಲ್ಲಿ ಎಲ್ಲರ ಉದ್ಯಮ್ ನೋಂದಣಿಯನ್ನು ಮಾಡಿಸುವುದು. ಊಟ ಬಡಿಸುವವರಿಗೆ ಆಹಾರ ಸುರಕ್ಷತೆಯ ನೋಂದಣಿಯನ್ನೂ ಮಾಡಿಸುವುದು. ಮನೆಯ ಪಹಣಿ, ಕಂದಾಯದ ರಶೀದಿ, ಆಧಾರ್, ಬ್ಯಾಂಕಿನ ಪುಸ್ತಕ ಇವುಗಳ ನಕಲುಗಳನ್ನು ಮೊದಲೇ ಸಿದ್ಧವಾಗಿಟ್ಟುಕೊಂಡರೆ ಮರಳಿ ಓಡಾಡುವುದು ತಪ್ಪುವುದು.

೩. ಬಂದವರ ಹೆಸರು, ಊರು, ಬಂದ ದಿನ, ಹೋದ ದಿನಗಳನ್ನು ಪ್ರತಿಯೊಂದು ಮನೆಯವರೂ ಪುಸ್ತಕದಲ್ಲಿ ಬರೆದಿಡುವಂತೆ ನೋಡುವುದು. ವಿದೇಶೀಯರು ತಂಗಿದಲ್ಲಿ ೨೪ ಗಂಟೆಗಳೊಳಗೆ ಅಧಿಕಾರಿಗಳಿಗೆ ವರದಿಯನ್ನು ಕಳುಹಿಸಬೇಕು. ಈ ಪುಸ್ತಕವು ಪೋಲೀಸಿನವರಿಗೆ ಮಾತ್ರವೇ ಉಪಯೋಗಕ್ಕೆ ಬರುವುದೆಂದು ತಿಳಿಯಬಾರದು. ವಿಪತ್ತಿನಲ್ಲಿ ಆದ ನಷ್ಟವೆಷ್ಟೆಂದು ಕೇಳಿದಾಗ ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

೪. ಹೆಂಗಸರ ದುಡಿಮೆಯನ್ನು ಮರೆಯದಿರುವುದು. ಅಡಿಗೆ, ಹಾಸಿಗೆ, ಉಪಚಾರ ಇವೆಲ್ಲವನ್ನೂ ನಡೆಸುವವರು ಮನೆಯ ಹೆಂಗಸರು. ಉದ್ಯಮದ ನೋಂದಣಿಯೂ ಬ್ಯಾಂಕಿನ ಖಾತೆಯೂ ಅವರ ಹೆಸರಿನಲ್ಲಿರುವುದು ನ್ಯಾಯ.

೫. ಕೊಯ್ಲಿನ ಕಾಲದಲ್ಲ��� ಒಬ್ಬರ ಮನೆಗೆ ಅತಿಥಿಗಳು ಹೆಚ್ಚಾದರೆ ನೆರೆಯವರ ಮನೆಗೆ ಕಳುಹುವಂತೆಯೂ, ದರವನ್ನು ಕೆಳಗಿಳಿಸಿ ಒಬ್ಬರನ್ನೊಬ್ಬರು ಕೆಡಿಸದಂತೆಯೂ ತಮ್ಮೊಳಗೆ ಒಂದು ಒಪ್ಪಂದವನ್ನು ಮಾಡಿಕೊಳ್ಳುವುದು. ಕಸದ ವಿಲೇವಾರಿ, ಹೊಳೆಯ ನೀರಿನ ಶುಚಿ, ರಾತ್ರಿಯ ಗದ್ದಲ ಇವುಗಳ ಬಗ್ಗೆ ಊರಿಗೆಲ್ಲಾ ಒಂದೇ ಕಟ್ಟುಪಾಡು ಇರಬೇಕು. ಒಂದು ಮನೆಯ ಅವ್ಯವಸ್ಥೆಯಿಂದ ಊರಿಗೆಲ್ಲಾ ಕೆಟ್ಟ ಹೆಸರು ಬರುವುದು.

ಮುಕ್ತಾಯ

ಸರ್ಕಾರದ ನೆರವು ಮುಳುಗುವವನಿಗೆ ಆಸರೆಯಾಗಬಲ್ಲುದು. ಆದರೆ ಅವನ ಹೆಸರು ಪಟ್ಟಿಯಲ್ಲಿರಬೇಕು, ಅವನ ಲೆಕ್ಕವು ಪುಸ್ತಕದಲ್ಲಿರಬೇಕು. ಆ ನೆರವು ಕೈಗೆ ಬರುವವರೆಗೆ ಸಂಸಾರವನ್ನು ಸಾಕತಕ್ಕದ್ದು ತೋಟ. ಕಾಫಿಯ ಬೆಲೆ ಕುಸಿದಾಗ ಅತಿಥಿಗಳು ಮನೆಯನ್ನು ಕಾಪಾಡಿದರು. ಅತಿಥಿಗಳು ಬಾರದಾದಾಗ ಕಾಫಿಯು ಕಾಪಾಡಿತು. ಎರಡೂ ಬಿದ್ದ ವರ್ಷದಲ್ಲಿ ಬ್ಯಾಂಕಿನಲ್ಲಿಟ್ಟ ಉಳಿತಾಯವೂ ಸರ್ಕಾರದ ಸಹಾಯವೂ ಕಾಪಾಡಬೇಕು. ಈ ನಾಲ್ಕರಲ್ಲಿ ಮಳೆಯೂ ಬೆಲೆಯೂ ಬೇಸಾಯಗಾರನ ಕೈಯಲ್ಲಿಲ್ಲ. ಆದರೆ ನೋಂದಣಿಯ ಚೀಟಿ, ಲೆಕ್ಕದ ಪುಸ್ತಕ, ಸಾಲದ ಮಿತಿ ಇವು ಅವನ ಕೈಯಲ್ಲಿಯೇ ಇವೆ. ಮುಂದಿನ ಮಳೆಗಾಲ ಬರುವುದಕ್ಕೆ ಮೊದಲೇ ಗ್ರಾಮದ ಮುಖಂಡರು ತಮ್ಮ ತಮ್ಮ ಊರುಗಳಲ್ಲಿ ಮೇಲೆ ಹೇಳಿದ ಪಟ್ಟಿಯನ್ನು ತಯಾರಿಸಲು ಆರಂಭಿಸಿದರೆ, ಅದರ ಪ್ರಯೋಜನವು ಅತಿಥಿಗಳು ಬಾರದ ವರ್ಷದಲ್ಲಿ ತಾನಾಗಿಯೇ ಕಂಡುಬರುವುದು.